ಅಂಗಳದ ತುದಿಯಿಂದ ಫೋನು

ಮಡಂತ್ಯಾರಿನಲ್ಲಿ ನಮ್ಮ ನೆರೆಮನೆಯಲ್ಲಿದ್ದ ನಿವೃತ್ತ ಹಿಂದಿ ಟೀಚರ್ ಮೊಬೈಲಿನಲ್ಲಿ ಮಾತಾಡುವಾಗ ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದರು. ಅದರ ಕಿರಣಗಳು ಕಣ್ಣನ್ನು ಹಾಳು ಮಾಡುತ್ತವೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದ್ದರಂತೆ. "ಕಣ್ಣು ಇರುವುದು ಒಂದೇ ಜೊತೆ ಮಾರಾಯ್ತಿ" ಎಂದು ನನಗೆ ದಿನಾ ಹೇಳುತ್ತಿದ್ದರು.

ನಿಜಕ್ಕೂ ದೃಷ್ಟಿ ಮಂಜಾದಾಗ ಅವರು ಫೋನನ್ನು ಮುಟ್ಟುವುದನ್ನೇ ಬಿಟ್ಟರು. ಮೂಡುಬಿದಿರೆಗೆ ಮದುವೆಯಾಗಿ ಹೋದ ಮಗಳ ಕರೆ ಬಂದರೆ ಟೀಚರ ಗಂಡ ಫೋನನ್ನು ಜಗಲಿಯಲ್ಲಿಟ್ಟು ಸ್ಪೀಕರ್ ಹಾಕಬೇಕು, ಟೀಚರ್ ಅಂಗಳದ ತುದಿಯಲ್ಲಿ ನಿಂತು ಕೂಗಬೇಕು.

"ಅತ್ತೆಯ ಸಾರಿಗೆ ಉಪ್ಪೂ ಇಲ್ಲ, ಹುಳಿಯೂ ಇಲ್ಲಮ್ಮ" ಎಂದು ಮಗಳು ಒಂದು ಸಂಜೆ ಹೇಳಿದ್ದು ಇಡೀ ನೆರೆಕರೆಗೆ ಕೇಳಿಸಿತು. ಆ ಅತ್ತೆಯ ತಂಗಿಯ ಮನೆ ನಮ್ಮ ಪಕ್ಕದಲ್ಲೇ ಇತ್ತು. ಸುದ್ದಿ ಮೂಡುಬಿದಿರೆಗೆ ತಲುಪಿ, ಮಗಳು ಸಿಟ್ಟಿನಲ್ಲಿ ಫೋನ್ ಮಾಡುವುದನ್ನೇ ನಿಲ್ಲಿಸಿದಳು.

ಟೀಚರಿಗೆ ಊಟ ಸೇರಲಿಲ್ಲ. ನಾನೇ ಅವರನ್ನು ಬೆಳ್ತಂಗಡಿಯ ಕಣ್ಣಿನ ಡಾಕ್ಟರ ಬಳಿಗೆ ಕರೆದೊಯ್ದೆ.

"ಇದು ವಯಸ್ಸಿನ ಪೊರೆ ಅಮ್ಮ, ಮೊಬೈಲಿನಿಂದ ಬಂದದ್ದಲ್ಲ" ಎಂದರು ಡಾಕ್ಟರು.

"ನಿಮ್ಮ ಮೇಜಿನ ಮೇಲೆಯೇ ಎರಡು ಮೊಬೈಲ್ ಉಂಟು. ನೀವು ಮತ್ತೇನು ಹೇಳ್ತೀರಿ?" ಎಂದರು ಟೀಚರ್. ಆದರೂ ಆಪರೇಶನ್ನಿಗೆ ಒಪ್ಪಿದರು.

ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವರು ಗಂಡನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಫೋನನ್ನು ತಾವೇ ಎತ್ತಿ, ಕಿವಿಗೊತ್ತಿಕೊಂಡು ಮಗಳಿಗೆ ಹೇಳಿದರು: "ಬೇಗ ಹೊರಟು ಬಾ. ಅಪ್ಪನ ತಲೆ ಪೂರಾ ಬೆಳ್ಳಗಾಗಿದೆ, ನನಗೆ ಯಾರೂ ಹೇಳಲೇ ಇಲ್ಲ!"

ಮರುದಿನ ಗಾಬರಿಯಿಂದ ಓಡಿ ಬಂದ ಮಗಳಿಗೆ ಬಾಗಿಲು ತೆಗೆದದ್ದು, ತಲೆಗೂ ಮೀಸೆಗೂ ಕಡುಗಪ್ಪು ಬಣ್ಣ ಹಚ್ಚಿಕೊಂಡಿದ್ದ ಅಪ್ಪ.