ನಡೆಯದ ನಾಲ್ಕು ಮೈಲಿ

ನಾನು ಓದಿದ್ದು ಏಳನೇ ತರಗತಿಯವರೆಗೆ. ಬರೆದು ಅಭ್ಯಾಸವಿಲ್ಲ. ಆದರೆ ಅಕ್ಕನ ವಿಷಯದಲ್ಲಿ ನಾನು ಮಾಡಿದ್ದನ್ನು ಬಾಯಿಬಿಟ್ಟು ಹೇಳಬೇಕಾದವರ ಮುಂದೆ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾವು ಚಿತ್ರದುರ್ಗದ ಕಡೆಯವರು. ಅಪ್ಪನಿಗೆ ಬೆಂಗಳೂರಿನಲ್ಲಿ ಸರ್ಕಾರಿ ಕೆಲಸ, ವಿಜಯನಗರದಲ್ಲಿ ಬಾಡಿಗೆ ಮನೆ. ಅಕ್ಕನಿಗೆ ಇಪ್ಪತ್ತಮೂರು, ನನಗೆ ಹದಿನೇಳು. ಅಕ್ಕ ಚಿಕ್ಕಂದಿನಲ್ಲಿ ದಪ್ಪ ಇರಲಿಲ್ಲ. ಇಪ್ಪತ್ತು ದಾಟಿದ ಮೇಲೆ ಎರಡೇ ವರ್ಷದಲ್ಲಿ ಮೈ ಊದಿಕೊಂಡಿತು. ನಾನು ಅವಳ ಎರಡರಷ್ಟು ತಿಂದೂ ಕಡ್ಡಿಯ ಹಾಗೆ ಇದ್ದೆ. ಇದು ಹೇಗೆ ಎಂದು ನಮ್ಮ ಮನೆಯಲ್ಲಿ ಯಾರೂ ಯೋಚಿಸಲಿಲ್ಲ. ದಪ್ಪ ಇದ್ದವರು ಜಾಸ್ತಿ ತಿನ್ನುತ್ತಾರೆ, ಅಷ್ಟೇ.

ಆ ಬೇಸಿಗೆಯಲ್ಲಿ ದಾವಣಗೆರೆಯವರು ಅಕ್ಕನನ್ನು ನೋಡಲು ಬಂದರು. ಹುಡುಗ ಮೇಷ್ಟ್ರು, ಮೆತ್ತನೆಯ ಮಾತು. ಅಕ್ಕನಿಗೆ ಹಿಡಿಸಿದ್ದ. ಅವರು ಹೋದ ಮೇಲೆ ಅವನು ಕುಡಿದ ಲೋಟವನ್ನು ನನಗೆ ಕೊಡದೆ ತಾನೇ ತೊಳೆದಳು. ಹೊರಡುವಾಗ ಹುಡುಗನ ತಾಯಿ ಅವ್ವನನ್ನು ಪಕ್ಕಕ್ಕೆ ಕರೆದು, ಹುಡುಗಿ ಲಕ್ಷಣವಾಗಿದ್ದಾಳೆ, ಮೈ ಒಂಚೂರು ಇಳಿಯಲಿ, ಹೇಗೂ ನಡುವೆ ಆಷಾಢ ಬರುತ್ತದೆ, ಶ್ರಾವಣದಲ್ಲಿ ಬಂದು ಮಾತು ಮುಗಿಸುತ್ತೇವೆ ಎಂದಿದ್ದರು. ನಮಗೆ ಮೂರು ತಿಂಗಳು ಸಿಕ್ಕಿತು.

ನಮ್ಮ ಬಡಾವಣೆಯ ಡಾಕ್ಟರು ದಿನಾ ಬೆಳಿಗ್ಗೆ ನಾಲ್ಕು ಮೈಲಿ ಬಿರುಸಾಗಿ ನಡೆಯಬೇಕು, ಒಂದು ದಿನವೂ ತಪ್ಪಿಸಬಾರದು, ಊಟ ಮಾಮೂಲಿನಂತೆ ಇರಲಿ ಎಂದರು. ಮದುವೆಗೆ ಬಂದ ಹುಡುಗಿಯನ್ನು ಒಬ್ಬಳೇ ಕಳಿಸುವ ಹಾಗಿಲ್ಲ. ಅವ್ವನಿಗೆ ಮಂಡಿ ನೋವು. ಜೊತೆಗೆ ಹೋಗುವ ಕೆಲಸ ನನಗೆ ಬಿತ್ತು. ಮಾರೇನಹಳ್ಳಿ ದಾಟಿ ಮಾಗಡಿ ರಸ್ತೆ ಹಿಡಿದು ಹೋಗಿ ಬರಬೇಕು.

ಮೊದಲ ವಾರ ನಡೆದೆವು. ಅಕ್ಕ ಸೆರಗು ಬಿಗಿದು ಕಟ್ಟಿ, ಏದುಸಿರು ಬಿಡುತ್ತ, ಎಲ್ಲಿಯೂ ನಿಲ್ಲದೆ ನಡೆಯುತ್ತಿದ್ದಳು. ದಾರಿಯಲ್ಲಿ ಹಾಲಿನ ಬೂತು. ಒಂದು ದಿನ ಕ್ಯೂನಲ್ಲಿದ್ದ ಹುಡುಗನೊಬ್ಬ, "ದಾರಿ ಬಿಡೋ ಮಗಾ, ರೋಡ್ ರೋಲರ್ ಬಂತು" ಅಂದ. ಪಕ್ಕದವನು, "ಹಿಂದೆ ಬರ್ತಿರೋದು ಕ್ಲೀನರ್ರಾ ಗುರು?" ಅಂದ. ಅಕ್ಕನಿಗೂ ಕೇಳಿಸಿತು, ಆದರೆ ಅವಳು ನಡಿಗೆ ನಿಧಾನ ಮಾಡಲಿಲ್ಲ. ನನಗೆ ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಕ್ಲೀನರ್ ಅಂದವನು ನಮ್ಮ ಎದುರು ಮನೆಯವನು. ಅವನು ನೋಡಲಿ ಎಂದೇ ನಾನು ಅವತ್ತು ಹೊಸ ರಿಬ್ಬನ್ ಕಟ್ಟಿಕೊಂಡು ಹೋಗಿದ್ದೆ.

ಮಾರನೆಯ ದಿನ ನಮ್ಮ ಹಿಂದಿನ ರಸ್ತೆಯಲ್ಲಿ ಅರ್ಧಕ್ಕೆ ನಿಂತಿದ್ದ ಒಂದು ಕಟ್ಟಡದೊಳಗೆ ಅಕ್ಕನನ್ನು ಕರೆದುಕೊಂಡು ಹೋದೆ. ಅಲ್ಲಿ ಚಪ್ಪಡಿ ಕಲ್ಲು ಪೇರಿಸಿಟ್ಟಿದ್ದರು. ಇಲ್ಲೇ ಕೂತು ಹೊತ್ತು ಕಳೆದು ಹೋಗೋಣ ಎಂದೆ. ಅವಳು ಒಪ್ಪಲಿಲ್ಲ, ಬೂತು ಸಿಗದ ದಾರಿಯಲ್ಲಿ ಹೋಗೋಣ ಎಂದಳು. ಅದು ನನಗೆ ಸಾಕಾಗಲಿಲ್ಲ. ಎಲ್ಲ ದಾರಿಯಲ್ಲೂ ಜನರಿರುತ್ತಾರೆ.

"ಹೋಗೋದಾದ್ರೆ ನೀನು ಹೋಗು. ಒಬ್ಳೇ ಹೋದ್ಲು ಅಂತ ಅವ್ವಂಗೆ ಹೇಳ್ತೀನಿ" ಎಂದೆ.

ಅಕ್ಕ ಕೂತಳು. ಅವತ್ತಿನಿಂದ ದಿನಾ ಅಲ್ಲೇ ಕೂತೆವು. ಮನೆಗೆ ಬಂದ ತಕ್ಷಣ ಅವ್ವ ಅಕ್ಕನ ರವಿಕೆಯ ಬೆನ್ನು ಮುಟ್ಟಿ ಬೆವರು ನೋಡುತ್ತಿದ್ದಳು. ಅದಕ್ಕಾಗಿ ನಾನು ಕೊನೆಯ ತಿರುವಿನಿಂದ ಮನೆಯವರೆಗೆ ಅಕ್ಕನನ್ನು ಓಡಿಸುತ್ತಿದ್ದೆ. ನಾಳೆಯಿಂದಾದರೂ ನಡೆಯೋಣ ಕಣೇ ಎಂದು ಅವಳು ಎಷ್ಟೋ ಸಲ ಕೇಳಿಕೊಂಡಳು. ನಾನು ಹೂಂ ಅನ್ನುತ್ತಿದ್ದೆ.

ಹದಿನೈದು ದಿನಕ್ಕೊಮ್ಮೆ, ಗಿರಾಕಿಗಳಿಲ್ಲದ ಮಧ್ಯಾಹ್ನ, ಅವ್ವ ಅಕ್ಕನನ್ನು ಸೌದೆ ಡಿಪೋಗೆ ಕರೆದೊಯ್ದು ಸೌದೆ ತೂಗುವ ತಕ್ಕಡಿಯಲ್ಲಿ ಕೂರಿಸುತ್ತಿದ್ದಳು. ಹಲಗೆಯ ಮೇಲೆ ಕೂತು, ಸರಪಳಿ ಹಿಡಿದು, ಅಕ್ಕ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ತಿಂಗಳು ಕಳೆದರೂ ತೂಕ ಇಳಿಯಲಿಲ್ಲ. ಮತ್ತೆ ಡಾಕ್ಟರ ಹತ್ತಿರ ಹೋದೆವು. ಅವರು ಅಕ್ಕನನ್ನು ಬಿಟ್ಟು ನನ್ನನ್ನೇ ಕೇಳಿದರು.

"ದಿನಾ ನಡೀತಿದೀರೇನಮ್ಮಾ?"

"ಹೌದು ಸಾರ್, ನಾಲ್ಕು ಮೈಲಿ."

"ಹಂಗಾದ್ರೆ ಎಡವಟ್ಟು ಊಟದಲ್ಲೇ ಇದೆ. ಅರ್ಧ ಮಾಡಿಬಿಡಿ" ಎಂದು ಅವ್ವನಿಗೆ ಹೇಳಿದರು.

ಅಕ್ಕ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕೂತಿದ್ದಳು. ನಾನು ನಿಜ ಹೇಳಲು ಅದೊಂದು ಗಳಿಗೆ ಸಾಕಿತ್ತು.

ಅರ್ಧ ಅಂದದ್ದನ್ನು ಅವ್ವ ಕಾಲು ಮಾಡಿದಳು. ಶ್ರಾವಣ ಹತ್ತಿರ ಬರುತ್ತಿತ್ತಲ್ಲ. ಬೆಳಿಗ್ಗೆ ಮಜ್ಜಿಗೆ, ಮಧ್ಯಾಹ್ನ ಒಂದು ಜೋಳದ ರೊಟ್ಟಿ, ರಾತ್ರಿ ಏನೂ ಇಲ್ಲ. ಅಕ್ಕನಿಗೆ ತಪ್ಪಿದ ರೊಟ್ಟಿ ನನ್ನ ತಟ್ಟೆಗೆ ಬೀಳುತ್ತಿತ್ತು, ನಾನು ತಿನ್ನುತ್ತಿದ್ದೆ. ಮೊದಲು ತೂಕ ಸ್ವಲ್ಪ ಇಳಿಯಿತು, ಆಮೇಲೆ ನಿಂತುಬಿಟ್ಟಿತು. ಅಕ್ಕನ ಕೂದಲು ಉದುರತೊಡಗಿತು, ಬಿಸಿಲಿದ್ದಾಗಲೂ ಚಳಿ ಎಂದು ಹೊದ್ದು ಕೂರುತ್ತಿದ್ದಳು. ಅವ್ವನಿಗೆ ಅನುಮಾನ ಬಂತು. "ಯಾರ ಮನೇಲಿ ತಿಂತಿದೀಯೇ? ಹೇಳಿಬಿಡು, ಬೈಯಲ್ಲ" ಎಂದು ಕೇಳಿದಳು. ಅಕ್ಕ ಇಲ್ಲವ್ವ ಎಂದಳು. ಅವ್ವ ನಂಬಲಿಲ್ಲ.

ಒಂದು ಬೆಳಿಗ್ಗೆ ಲಿಂಗಪೂಜೆಗೆ ಕೂತಿದ್ದ ಅಕ್ಕ ಹಾಗೇ ಪಕ್ಕಕ್ಕೆ ವಾಲಿದಳು. ಅಂಗೈಯಲ್ಲಿದ್ದ ಲಿಂಗ ನೆಲಕ್ಕೆ ಬಿತ್ತು. ಲಿಂಗ ಕೆಳಗೆ ಬೀಳುವುದೆಂದರೆ ನಮ್ಮಲ್ಲಿ ಪ್ರಾಣ ಹೋದಷ್ಟೇ ದೊಡ್ಡದು. ಅವ್ವ ಮೊದಲು ಅದನ್ನು ಎತ್ತಿ ಕಣ್ಣಿಗೊತ್ತಿಕೊಂಡು ಅಳತೊಡಗಿದಳು. ಅಕ್ಕನನ್ನು ನಾನು ಎತ್ತಿ ಕೂರಿಸಿದೆ. ಕೈ ತಣ್ಣಗಿತ್ತು. ಆಗಲೂ ಹೇಳಲಿಲ್ಲ. ಈಗ ಹೇಳಿದರೆ ಇದಕ್ಕೆಲ್ಲ ನಾನೇ ಕಾರಣ ಎಂದು ಗೊತ್ತಾಗುತ್ತದಲ್ಲ ಎಂಬ ಹೆದರಿಕೆ.

ಶ್ರಾವಣದಲ್ಲಿ ಅವರು ಬಂದರು. ಅಕ್ಕನ ಮುಖ ಬಿಳಚಿ ಬಾತುಕೊಂಡಿತ್ತು, ಜಡೆ ಇಲಿಬಾಲದಂತಾಗಿತ್ತು. ಮೈಗೆ ಹುಷಾರಿಲ್ಲವಾ ಎಂದು ಹುಡುಗನ ತಾಯಿ ಮೆಲ್ಲಗೆ ಕೇಳಿದರು. ವಾರದೊಳಗೆ, ಬೇರೆ ಕಡೆ ಗೊತ್ತಾಯಿತು ಎಂದು ಕಾಗದ ಬಂತು.

ಆಮೇಲೆ ಅಪ್ಪ ದೊಡ್ಡಾಸ್ಪತ್ರೆಗೆ ಕರೆದೊಯ್ದರು. ಅಲ್ಲಿ ರಕ್ತ ಪರೀಕ್ಷೆ ಮಾಡಿ, ಕುತ್ತಿಗೆಯಲ್ಲಿ ಥೈರಾಯ್ಡ್ ಎಂಬ ಗ್ರಂಥಿ ಇರುತ್ತದೆ, ಇವಳದು ಮಂದವಾಗಿದೆ, ತಿಂದದ್ದನ್ನು ಮೈ ಬೇಗ ಉರಿಸುವುದಿಲ್ಲ ಎಂದರು. ಅಂಥ ಮೈಯನ್ನು ಉಪವಾಸ ಕೆಡವಿದರೆ ಅದು ಬರಗಾಲ ಬಂತೆಂದು ಇರುವ ಉರಿಯನ್ನೂ ತಗ್ಗಿಸಿಕೊಳ್ಳುತ್ತದಂತೆ. ಮಾತ್ರೆ ಬೇಕು, ಹೊಟ್ಟೆ ತುಂಬ ಊಟ ಬೇಕು, ತಪ್ಪದ ನಡಿಗೆಯೂ ಬೇಕು ಎಂದರು. ಮೂರು ತಿಂಗಳು ದಿನಾ ನಡೆದಿದ್ದಾಳಲ್ಲ ಎಂದು ಅವ್ವ ಕೇಳಿದಾಗ ಡಾಕ್ಟರು ಅಕ್ಕನ ಕಡೆ ತಿರುಗಿದರು. ಅಕ್ಕ ನನ್ನ ಕಡೆ ನೋಡಲಿಲ್ಲ.

"ನಡೀತಿದ್ದೆ ಸಾರ್" ಎಂದಳು.

ಮಾತ್ರೆಯಿಂದ ಅಕ್ಕ ಗೆಲುವಾದಳು, ಮೈಯೂ ಸ್ವಲ್ಪ ಇಳಿಯಿತು. ಆದರೆ ಮಾತ್ರೆ ನುಂಗುವ ಹುಡುಗಿ ಎಂಬ ಮಾತು ನೆಂಟರಲ್ಲೆಲ್ಲ ಹರಡಿತ್ತು. ಮತ್ತೆ ಯಾರೂ ನೋಡಲು ಬರಲಿಲ್ಲ. ನನಗೆ ಮದುವೆಯಾಯಿತು. ಎಷ್ಟೋ ವರ್ಷದ ಮೇಲೆ, ತಪ್ಪಾಯಿತು ಅಕ್ಕ ಎಂದೆ. ನಡೆದಿದ್ದರೂ ಇಳಿಯುತ್ತಿತ್ತೋ ಇಲ್ಲವೋ ಬಿಡೇ ಎಂದಳು. ಅದು ನನಗೂ ಗೊತ್ತಿಲ್ಲ, ಇನ್ನು ಯಾವ ಡಾಕ್ಟರೂ ಹೇಳಲಾರರು. ಊಟ ಕಿತ್ತುಕೊಂಡದ್ದು ಮಾತ್ರ ನನ್ನ ಮಾತಿನಿಂದ. ಅದು ಗೊತ್ತು.

ಅವ್ವ ಸಾಯುವವರೆಗೂ ಬಂದವರ ಮುಂದೆ, "ಆವಾಗ ಬಾಯಿ ಕಟ್ಟಿದ್ದಿದ್ರೆ ಇವಳಿಗೂ ಒಂದು ಮನೆ ಅಂತ ಆಗ್ತಿತ್ತು" ಎನ್ನುತ್ತಿದ್ದಳು. ಅಕ್ಕ ಅದನ್ನು ಕೇಳಿಸಿಕೊಂಡೇ ಎಲ್ಲರಿಗೂ ಕಾಫಿ ತಂದುಕೊಡುತ್ತಿದ್ದಳು. ನಾನು ಗಂಡ ಮಕ್ಕಳ ಜೊತೆ ಅಲ್ಲೇ ಕೂತಿರುತ್ತಿದ್ದೆ.