ಅರಿಶಿನದ ದಾರ

ಪೀಣ್ಯದ ಶೆಡ್ಡುಗಳ ಹಿಂದೆ, ರಾಜಕಾಲುವೆಯ ಪಕ್ಕದ ತಗ್ಗಿನಲ್ಲಿ ನಮ್ಮ ವಠಾರವಿತ್ತು. ಎಂಟು ಮನೆ. ಜೋರು ಮಳೆಯಾದಾಗ ಕಾಲುವೆಯ ನೀರು ಸದ್ದಿಲ್ಲದೆ ಒಳಗೆ ಬರುತ್ತಿತ್ತು. ಮೊದಲು ಚಪ್ಪಲಿಗಳು ಜಾಗ ಬದಲಿಸುತ್ತಿದ್ದವು, ಆಗ ಗೊತ್ತಾಗುತ್ತಿತ್ತು.

ಎದುರುಮನೆಯ ಅಕ್ಕ, ನೀರು ಇಳಿದ ಮೇಲೆ, ಅದು ಮುಟ್ಟಿದ ಎತ್ತರಕ್ಕೆ ತನ್ನ ಮನೆಯ ಗೋಡೆಯ ಮೇಲೆ ಅರಿಶಿನದ ಗೆರೆ ಎಳೆದು ಕುಂಕುಮ ಇಡುತ್ತಿದ್ದಳು. ಗಂಗಮ್ಮ ಬಂದು ಹೋದಳೆಂಬ ನಂಬಿಕೆ. ಮೂರು ಮಳೆಗಾಲ ನಾವೆಲ್ಲ ಆ ಗೆರೆಗಳಿಗೆ ಕೈಮುಗಿದೆವು, ಒಬ್ಬರೂ ಅಳೆಯಲಿಲ್ಲ. ಕಾರ್ಖಾನೆಯಲ್ಲಿ ದಿನವಿಡೀ ಬಿಡಿಭಾಗಗಳ ಅಳತೆ ನೋಡುವ ನಾನೂ ಅಳೆಯಲಿಲ್ಲ.

ಒಂದು ಭಾನುವಾರ ಸುಮ್ಮನೆ ಟೇಪು ಹಿಡಿದೆ. ಗೆರೆಯಿಂದ ಗೆರೆಗೆ ಅಂತರ ಒಂದೇ: ಒಂದು ಗೇಣು. ಯಾರೋ ಮೆಟ್ಟಿಲು ಹತ್ತುತ್ತಿರುವ ಹಾಗೆ. ಇನ್ನೊಂದು ಗೇಣು ಮೇಲಕ್ಕೆ ಬೆರಳಿಟ್ಟೆ. ಪಕ್ಕದಲ್ಲೇ, ಬೆರಳಿಗಿಂತ ಕೆಳಗೆ, ಅಕ್ಕನ ಮೊಮ್ಮಗಳು ಸೀರೆಯ ಜೋಲಿಯಲ್ಲಿ ಮಲಗಿದ್ದಳು.

ಮರುವಾರ ಎಂಟೂ ಮನೆಯವರು ಕೂತು ಮಾತಾಡಿದೆವು. ಯಾರೋ ಬಂದು ಎಬ್ಬಿಸುವವರೆಗೆ ಕಾಯುವುದು ಬೇಡ, ದಿಬ್ಬದ ಮೇಲೆ ಖಾಲಿಯಿರುವ ಸಾಲುಮನೆಗಳಿಗೆ ಒಟ್ಟಿಗೇ ಹೋಗೋಣ, ಒಂದು ಮನೆ ಉಳಿದರೂ ಯಾರೂ ಕದಲಬಾರದು ಎಂದಾಯಿತು. ಅಕ್ಕ ಒಬ್ಬಳೇ ಒಪ್ಪಲಿಲ್ಲ.

“ಮನೆಗೆ ಬಂದೋಳ್ನ ಬಿಟ್ಟು ಎಂಗೆ ಓಗೋದು?”

“ಗಂಗಮ್ಮಂಗೆ ಈಜು ಬರುತ್ತೆ ಕಣಕ್ಕ, ನಿನ್ನ ಮೊಮ್ಮಗಳಿಗೆ ಬರಲ್ಲ,” ಎಂದ ಆಟೋ ಓಡಿಸುವ ನೆರೆಯವನು.

ಅಕ್ಕ ಅವನತ್ತ ನೋಡಲೂ ಇಲ್ಲ. ನಾನು ಒಂದು ದಾರ ತಂದೆ. “ಇದಕ್ಕೆ ಅರಿಶಿನ ಹಚ್ಚು ಅಕ್ಕ. ಗೆರೆ ಎಷ್ಟೆತ್ತರ ಇದೆಯೋ ಅಷ್ಟು ಅಳೆದು ತಗೊಂಡು ಹೋಗೋಣ. ಅಮ್ಮನೂ ಜೊತೆಗೆ ಬಂದ ಹಾಗಾಗುತ್ತೆ.”

ಅವಳು ದಾರಕ್ಕೆ ಅರಿಶಿನ ಹಚ್ಚಿ, ನೆಲದಿಂದ ಮೇಲಿನ ಗೆರೆಯವರೆಗೆ ದಾರ ಹಿಡಿದು ಕತ್ತರಿಸಿದಳು. ಹೊರಡುವಾಗ, ಮನೆ ಬರಿದು ಮಾಡಬಾರದೆಂದು ಜೋಲಿಯನ್ನು ಮಾತ್ರ ಬಿಚ್ಚಲಿಲ್ಲ. ದಿಬ್ಬದ ಮನೆಯಲ್ಲಿ ಹಾಲು ಉಕ್ಕಿಸುವ ಮೊದಲೇ, ದಾರದ ಅಳತೆಗೆ ಹೊಸ ಗೋಡೆಯ ಮೇಲೆ ಗೆರೆ ಎಳೆದಳು.

ತಿಂಗಳಾಗಿರಲಿಲ್ಲ, ಎರಡು ದಿನ ಮಳೆ ಹೊಯ್ದಿತು. ದಿಬ್ಬದ ಮೇಲೆ ನೀರು ನಿಲ್ಲಲಿಲ್ಲ. ಆದರೂ ನಮ್ಮಲ್ಲಿ ಕೆಲವರು ಹೊಸಿಲು ದಾಟುವಾಗ ನೀರಿನಲ್ಲಿ ನಡೆಯುವವರಂತೆ ಕಾಲೆತ್ತಿ ಇಡುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನ ಅಕ್ಕ ದಾರವನ್ನು ನನ್ನ ಕೈಗಿಟ್ಟಳು.

“ಓಗಿ ನೋಡ್ಕೊಂಡು ಬಾ ತಮ್ಮ. ಎಲ್ಲೀಗಂಟ ಬಂದಿದ್ಲು ಅಂತ.”

ವಠಾರದಲ್ಲಿ ನೀರು ಇಳಿದಿತ್ತು. ಅಕ್ಕನ ಮನೆಯ ಬಾಗಿಲು ತೆರೆದುಕೊಂಡಿತ್ತು. ದಾರವನ್ನು ನೆಲದಿಂದ ಹಿಡಿದೆ. ಅದು ಮುಗಿದ ಮೇಲೂ ಗೋಡೆ ಒದ್ದೆ. ಕೆಸರಿನ ಗೆರೆ ಸರಿಯಾಗಿ ಒಂದು ಗೇಣು ಮೇಲಿತ್ತು. ಎರಡು ಸಲ ಅಳೆದೆ. ಆಮೇಲೆ ತಿರುಗಿದೆ. ಗಾಳಿ ಇರಲಿಲ್ಲ. ಜೋಲಿ ಭಾರಕ್ಕೆ ಜಗ್ಗಿ, ನಿಧಾನವಾಗಿ ತೂಗುತ್ತಿತ್ತು. ಸೀರೆ ಸರಿಸಿದೆ. ಕೆಸರು. ಒಂದು ಕೂಸಿನಷ್ಟೇ ಉದ್ದಕ್ಕೆ ಮಲಗಿತ್ತು.

ವಾಪಸು ಬಂದಾಗ ಅಕ್ಕ ಅರಿಶಿನದ ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಎಲ್ಲೀಗಂಟ?”

“ದಾರ ಸಾಲಲಿಲ್ಲ ಅಕ್ಕ.”

“ಜೋಲಿ?”

ನನ್ನ ಕಣ್ಣು ಒಳಗೆ ಮಲಗಿದ್ದ ಕೂಸಿನ ಕಡೆ ಹೋಯಿತು. ಅವಳು ಬಟ್ಟಲನ್ನು ಕೆಳಗಿಟ್ಟು, ನಿದ್ದೆಯಲ್ಲಿದ್ದ ಮೊಮ್ಮಗಳನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಹೊಸ ಗೋಡೆಯ ಗೆರೆಯನ್ನು ಒರೆಸತೊಡಗಿದಳು. ಅರಿಶಿನ ಸುಲಭಕ್ಕೆ ಹೋಗುವುದಿಲ್ಲ.