ಚೆಂಡು ಬಲಕ್ಕೇ ಹೋಯಿತು

ನನ್ನ ಕಿರಿಯ ತಮ್ಮ ಅಚ್ಚಿನ ಯಂತ್ರಗಳನ್ನು ಕೂರಿಸುವವನು. ಯಂತ್ರ ಎಷ್ಟೇ ಒಳ್ಳೆಯದಿರಲಿ, ಅಡಿಯ ನೆಲ ತುಸು ಓರೆಯಿದ್ದರೂ ಕಾಗದ ಒಂದೇ ಬದಿಗೆ ಜರುಗುತ್ತದೆ. ಆದ್ದರಿಂದ ಮೂವತ್ತು ವರ್ಷಗಳಿಂದ ಅವನ ಬಳಿ ಗೇಣುದ್ದದ ಒಂದು ರಸಮಟ್ಟವಿದೆ: ಮರದ ಪಟ್ಟಿ, ನಡುವೆ ಗಾಜಿನ ಕೊಳವೆ, ಒಳಗೆ ಅತ್ತಿತ್ತ ಓಡುವ ಗಾಳಿಗುಳ್ಳೆ. ಗುಳ್ಳೆ ನಡುವೆ ನಿಂತರೆ ನೆಲ ಸಮ. ಪಟ್ಟಿಯ ಒಂದು ಮಗ್ಗುಲಲ್ಲಿ ಅವನ ಗುರುವಿನ ಹೆಸರು ಕೊರೆದಿದೆ. ಆ ಹೆಸರು ಸದಾ ತನ್ನ ಕಡೆಗೇ ಇರುವಂತೆ ಇಟ್ಟು ಅಳೆಯುವುದು ಅವನ ರೂಢಿ. ಊಟಕ್ಕೆ ಕರೆದರೆ ನಮ್ಮ ಮೇಜನ್ನೂ ಅಳೆಯುತ್ತಾನೆ. ನನ್ನ ಮಕ್ಕಳು ಅವನನ್ನು ರಸಮಟ್ಟ ಮಾವ ಎಂದೇ ಕರೆಯುವುದು.

ಹೋದ ವರ್ಷ ದೂರದ ಊರಿನ ಮುದ್ರಣಾಲಯವೊಂದಕ್ಕೆ ಹೋಗಿದ್ದ. ರೈಲಿನಿಂದ ಇಳಿಯುವಾಗ ರಸಮಟ್ಟವಿದ್ದ ಪೆಟ್ಟಿಗೆ ಕೈಜಾರಿ ಬಿತ್ತು. ಗಾಜು ಒಡೆದಿಲ್ಲವೆಂದು ನೋಡಿ ಸಮಾಧಾನಪಟ್ಟುಕೊಂಡ. ಹೊಸದಾಗಿ ಹಾಕಿದ್ದ ನೆಲವನ್ನು ಮೂರು ಸಲ ಅಳೆದು, "ಎಡಕ್ಕೆ ಇಳಿಜಾರಿದೆ. ಒಡೆದು ಮತ್ತೆ ಹಾಕ್ಬೇಕು" ಎಂದ.

ನೆಲ ಹಾಕಿದ ಮೇಸ್ತ್ರಿ ಅಲ್ಲೇ ನಿಂತಿದ್ದ. "ಸಾರ್, ನಾನೇ ನೀರು ಹುಯ್ದು ನೋಡಿದೀನಿ. ಒಂದು ಕಡೆಗೂ ಹರೀಲಿಲ್ಲ. ಬೇಕಾದ್ರೆ ಈಗ್ಲೇ ಹುಯ್ತೀನಿ."

"ನೀರು ಹುಯ್ಯೋದು ಮನೆ ತೊಳೆಯೋಕೆ ಕಣಯ್ಯಾ."

ಸೋಮವಾರ ನೆಲ ಒಡೆಸಿ, ಮೇಸ್ತ್ರಿಯನ್ನು ಕೆಲಸದಿಂದ ತೆಗೆಯುವುದೆಂದು ಮುದ್ರಣಾಲಯದ ಮಾಲೀಕರು ತೀರ್ಮಾನಿಸಿದರು. ನಡುವೆ ಭಾನುವಾರವಿತ್ತು. ಬಂದವನು ಹೋಟೆಲಿನ ಕೋಣೆಯಲ್ಲಿ ಗೋಡೆ ನೋಡುತ್ತ ಕೂರುವುದೇಕೆಂದು ಅವರು ನನ್ನ ತಮ್ಮನನ್ನು ಗಾಲ್ಫ್ ಆಡಲು ಕರೆದೊಯ್ದರು.

"ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟು?" ಎಂದು ಕೇಳಿದರು.

ಅಂಗವೈಕಲ್ಯವನ್ನು ಹೀಗೆ ಮುಖಕ್ಕೆ ಕೇಳುತ್ತಾರೆಯೇ ಎಂದು ಇವನಿಗೆ ಕಸಿವಿಸಿಯಾಯಿತು. "ಕನ್ನಡಕ ಬಿಟ್ರೆ ಏನೂ ಇಲ್ಲ ಸಾರ್."

ಮಾಲೀಕರು ನಕ್ಕು, ಆಟಗಾರನ ಮಟ್ಟ ನೋಡಿ ಕೊಡುವ ರಿಯಾಯಿತಿ ಅದು ಎಂದು ತಿಳಿಸಿದರು. ಮಟ್ಟ ಎಂಬ ಮಾತು ಬಿದ್ದದ್ದೇ ಇವನ ಕಿವಿ ನಿಮಿರಿತು.

ಮೊದಲ ಹೊಡೆತಕ್ಕೆ ಹುಲ್ಲು ಹಾರಿತು, ಚೆಂಡು ಇದ್ದಲ್ಲೇ ಇತ್ತು. ಅವನಿಗೆ ಅದರ ಚಿಂತೆಯಿಲ್ಲ. ಚೆಂಡಿನ ಮೈತುಂಬ ಗುಳಿಗಳೇಕೆ? ಹುಲ್ಲನ್ನು ಇಷ್ಟು ಗಿಡ್ಡಕ್ಕೆ ಕತ್ತರಿಸುವ ಯಂತ್ರ ಯಾವುದು? ಕಡಿಮೆ ಹೊಡೆದವನೇ ಗೆಲ್ಲುವುದಾದರೆ ಮನೆಯಲ್ಲೇ ಇದ್ದವನು ಗೆದ್ದ ಹಾಗಲ್ಲವೇ? "ನಿಮ್ಮ ಹೊಡೆತಕ್ಕಿಂತ ಪ್ರಶ್ನೆಗಳೇ ಜಾಸ್ತಿಯಾದ್ವಲ್ರೀ" ಎಂದರು ಮಾಲೀಕರು.

ಕೊನೆಗೆ ಇಬ್ಬರೂ ಚೆಂಡು ಬೀಳಬೇಕಾದ ಗುಳಿಯ ಹತ್ತಿರದ ನುಣ್ಣನೆಯ ಹುಲ್ಲಿಗೆ ಬಂದರು. ನನ್ನ ತಮ್ಮ ತನ್ನ ಜೋಳಿಗೆಯಿಂದ ರಸಮಟ್ಟ ತೆಗೆದು ನೆಲಕ್ಕಿಟ್ಟ.

"ಏನ್ರೀ ಇದು! ಆಟದಲ್ಲಿ ಅದನ್ನೆಲ್ಲ ಇಡೋ ಹಾಗಿಲ್ಲ."

"ಆಟಕ್ಕಲ್ಲ ಸಾರ್, ಸುಮ್ನೆ ಕುತೂಹಲ."

ಎಡಕ್ಕೆ ಇಳಿಜಾರು ಎಂದಿತು ರಸಮಟ್ಟ. ಅದಕ್ಕೆ ತಕ್ಕಂತೆ ಗುಳಿಯ ಬಲಕ್ಕೆ ಗುರಿಯಿಟ್ಟು ಮೆಲ್ಲಗೆ ತಳ್ಳಿದ. ಚೆಂಡು ಎಡಕ್ಕೆ ತಿರುಗಲಿಲ್ಲ, ಇನ್ನಷ್ಟು ಬಲಕ್ಕೆ ಹೋಯಿತು. ಮತ್ತೆ ತಳ್ಳಿದ. ಬಲಕ್ಕೇ ಹೋಯಿತು. ಕೈಯಿಂದ ಉರುಳಿಸಿದರೂ ಅಷ್ಟೇ.

ಅವನು ಮಂಡಿಯೂರಿ ಕೂತು, ಮೂವತ್ತು ವರ್ಷಗಳಲ್ಲಿ ಮಾಡದ್ದನ್ನು ಮಾಡಿದ: ಗುರುವಿನ ಹೆಸರು ಆಚೆ ಕಡೆಗಾಗುವಂತೆ ರಸಮಟ್ಟವನ್ನು ತಿರುಗಿಸಿಟ್ಟ. ಸರಿಯಾದ ರಸಮಟ್ಟ ಹೇಗಿಟ್ಟರೂ ಒಂದೇ ಮಾತು ಹೇಳಬೇಕು. ಇದು ಈಗ ಬಲಕ್ಕೆ ಇಳಿಜಾರು ಎಂದಿತು. ರೈಲು ನಿಲ್ದಾಣದಲ್ಲಿ ಗಾಜು ಒಡೆದಿರಲಿಲ್ಲ, ಆದರೆ ಕೊಳವೆ ಕೂತ ಜಾಗದಿಂದ ಅಲುಗಿತ್ತು. ಮೂರು ಸಲ ಅಳೆದದ್ದು ಒಂದೇ ತಪ್ಪನ್ನು ಮೂರು ಸಲ ಓದಿದಂತಾಗಿತ್ತು.

"ಯಾಕ್ರೀ, ಸೋತ್ರಾ?"

ಹೊಸ ರಸಮಟ್ಟ ಕೊಂಡು ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನೆಲ ಒಡೆಯುತ್ತಿತ್ತು, ಮೇಸ್ತ್ರಿ ಹೋಗುತ್ತಿದ್ದ, ಇವನ ಹೆಸರು ಉಳಿಯುತ್ತಿತ್ತು. ಎಷ್ಟು ಹೊತ್ತು ಯೋಚಿಸಿದೆ ಎಂದು ನಾನು ಕೇಳಿದ್ದೆ. ಚೆಂಡು ಹೆಕ್ಕಿಕೊಳ್ಳುವಷ್ಟು ಹೊತ್ತು ಎಂದ. ತುಸು ಹೆಚ್ಚೇ ಆಗಿರಬೇಕು.

"ಸಾರ್, ನೆಲ ಒಡೀಬೇಡಿ. ಓರೆ ಇರೋದು ನನ್ನ ಕೈಲಿ."

ಸೋಮವಾರ ಬೆಳಿಗ್ಗೆ ಮುದ್ರಣಾಲಯಕ್ಕೆ ಹೋದಾಗ ಮೇಸ್ತ್ರಿ ಮುಖ ಗಂಟಿಕ್ಕಿಕೊಂಡು ಹಾರೆ ಹಿಡಿದು ನಿಂತಿದ್ದ.

"ಅದನ್ನ ಇಡಪ್ಪಾ. ತಪ್ಪು ನಂದು. ಒಂದು ಬಕೆಟ್ ನೀರು ತಗೊಂಬಾ."

ಮೇಸ್ತ್ರಿ ಹಾರೆಯನ್ನು ಗೋಡೆಗೆ ಒರಗಿಸಿ, "ಯಾಕೆ ಸಾರ್, ಮನೆ ತೊಳೆಯೋಕಾ?" ಎಂದ.